ನಾಲ್ಕು ಬುಷ್, ಒಂದು ಸೈಕಲ್ ಕಡ್ಡಿ

ಲೋಹ ಕೊಯ್ದು ಸಾಮಾನು ಮಾಡಿಕೊಡುವ ನನ್ನ ಲೇತ್ ಅಂಗಡಿಯ ಗೋಡೆಗೆ ಒಂದು ತಗಡು ಹೊಡೆದಿದ್ದೇನೆ. ‘ಸ್ಯಾಂಪಲ್ ಇಲ್ಲದೆ ಕೆಲಸ ಕೇಳಬೇಡಿ’ ಎಂದು ಅದರ ಮೇಲೆ ಕೆಂಪು ಬಣ್ಣದಲ್ಲಿ ನಾನೇ ಬರೆದದ್ದು. ಸವೆದ ಸಾಮಾನನ್ನೇ ಹಿಡಿದುಕೊಂಡು ಬನ್ನಿ, ಅದನ್ನು ನೋಡಿ ಅದರಂತೆ ಮಾಡಿಕೊಡುತ್ತೇನೆ ಎಂದರ್ಥ. ಎಷ್ಟೋ ವರ್ಷಗಳಿಂದ ಅದು ಅಲ್ಲೇ ಇದೆ, ಓದುವವರು ಮಾತ್ರ ಇಲ್ಲ. ಚಿತ್ರದುರ್ಗದಲ್ಲಿ ಅಕ್ಷರ ಬಲ್ಲವರಿಗೇನೂ ಬರವಿಲ್ಲ. ಆದರೆ ಲೇತ್ ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಎಲ್ಲರೂ ಹೆಬ್ಬೆಟ್ಟಾಗಿಬಿಡುತ್ತಾರೆ.

ಬಾಗೂರಿನ ಮಹಾಶಯನೊಬ್ಬ ಪಂಪ್‌ಸೆಟ್ ಎಂಜಿನ್ನಿನ ಪಿನ್ನಿನ ಅಳತೆಯನ್ನು ದಾರದಲ್ಲಿ ಗಂಟು ಹಾಕಿಕೊಂಡು ಬಂದಿದ್ದ. ಬಸ್ಸಿನ ಸೆಖೆಗೆ, ಅವನ ಜೇಬಿನ ಬೆವರಿಗೆ ಆ ದಾರ ಎಷ್ಟು ಹಿಗ್ಗಿತ್ತೋ ಎಷ್ಟು ಕುಗ್ಗಿತ್ತೋ ದೇವರೇ ಬಲ್ಲ. ಮದಕರಿಪುರದ ಇನ್ನೊಬ್ಬ ವಾಟ್ಸಾಪಿನಲ್ಲಿ ಫೋಟೊ ಕಳಿಸಿದ. ಅಳತೆ ಗೊತ್ತಾಗಲೆಂದು ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟಿದ್ದ. ‘ಪೊಟ್ಟಣದ ಅರ್ಧಕ್ಕಿಂತ ಚೂರು ಜಾಸ್ತಿ ಐತೆ, ಹಂಗೇ ಮಾಡಿಬಿಡ್ರಿ’ ಎಂದು ಕೆಳಗೆ ಒಕ್ಕಣೆ ಬೇರೆ. ನಾನೋ ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ, ಅದರಲ್ಲಿ ಎರಡು ಪಾಲು ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಉಸಿರು ಬಿಗಿಹಿಡಿದು ನೋಡುವವನು. ಇವನು ನನಗೆ ಬೆಂಕಿಪೊಟ್ಟಣ ತೋರಿಸುತ್ತಾನೆ!

ಇವರೆಲ್ಲರ ಬಾಯಲ್ಲೂ ಒಂದೇ ಮಾತು. “ಏನಪ್ಪ, ಒಂದು ಉಂಗುರ ತಾನೆ? ಮಿಷನ್ನು ತಾನೇ ತಿರುಗ್ತೈತೆ, ನೀನೇನ್ ಕೈಯಾಗೆ ತಿರುವ್ತೀಯಾ?” ಮೊದಮೊದಲು ಇದಕ್ಕೆ ಉತ್ತರ ಕೊಡುತ್ತಿದ್ದೆ. ಆಮೇಲೆ ಬೈಯುತ್ತಿದ್ದೆ. ಈಗ ಸ್ಟೂಲು ತೋರಿಸಿ “ಕುಂತ್ಕಳ್ರಿ” ಅಂದು ಸುಮ್ಮನಾಗುತ್ತೇನೆ.

ಲೇತ್ ತಿರುಗುವುದು ಕೆಲಸದಲ್ಲಿ ಕಾಲು ಭಾಗವೂ ಅಲ್ಲ. ಅದಕ್ಕೆ ಮೊದಲು ಲೋಹ ಹುಡುಕಬೇಕು. ತಾಮ್ರ, ತವರ ಬೆರೆಸಿದ ಗನ್‌ಮೆಟಲ್ ಎಂದು ಮಾರುವವರಲ್ಲಿ ಅರ್ಧ ಜನ ಹಳೆಯ ಹಿತ್ತಾಳೆ ನಲ್ಲಿ ಕರಗಿಸಿ ಎರಕ ಹೊಯ್ದದ್ದನ್ನು ತಂದು ಕೊಡುತ್ತಾರೆ. ಕೊಯ್ಯುವ ಉಳಿಯನ್ನು ಕಲ್ಲಿಗೆ ಹಿಡಿದು ಮಸೆಯಬೇಕು, ಒಂದೊಂದು ಲೋಹಕ್ಕೆ ಒಂದೊಂದು ಓರೆ. ತುಂಡನ್ನು ಲೇತಿನ ದವಡೆಯಾದ ಚಕ್ಕಿನಲ್ಲಿ ಕಚ್ಚಿಸಿ, ಅಳತೆಯ ಡಯಲ್ಲಿನ ಮುಳ್ಳು ಅಲುಗದೆ ನಿಲ್ಲುವವರೆಗೆ ತಟ್ಟಿ ತಟ್ಟಿ ಕೂರಿಸಬೇಕು. ಕೊಯ್ದ ಮೇಲೆ ಕಾಯಬೇಕು. ಬಿಸಿಯಾದ ಲೋಹ ಉಬ್ಬಿರುತ್ತದೆ. ಆಗ ಅಳೆದರೆ ಸರಿಯಾಗೇ ಕಾಣುತ್ತದೆ, ಆರಿದ ಮೇಲೆ ಚಿಕ್ಕದಾಗಿರುತ್ತದೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ, ನಾನು ಆತುರಪಟ್ಟು ಮೈಕ್ರೋಮೀಟರ್ ಹಿಡಿದಾಗಲೆಲ್ಲ ಕೈಗೊಂದು ಏಟು ಬಿಡುತ್ತಿದ್ದರು. “ಆರಲಿ ಬಿಡ್ಲೇ, ಅದೇನ್ ಓಡಿ ಹೋಗ್ತೈತಾ?” ಎನ್ನುತ್ತಿದ್ದರು. ಗಿರಾಕಿಯ ಕಣ್ಣಿಗೆ ಆ ಹೊತ್ತಿನಲ್ಲಿ ನಾನು ಸುಮ್ಮನೆ ಕೂತಿರುತ್ತೇನೆ. ಸುಮ್ಮನೆ ಕೂತವನಿಗೆ ಯಾಕೆ ಇಷ್ಟು ಗತ್ತು ಎಂದು ಅವನಿಗೆ ಹೊಟ್ಟೆಯುರಿ.

ಇನ್ನು ಮೆಕ್ಯಾನಿಕ್‌ಗಳ ವಿಷಯ ಎತ್ತಿದರೆ ನನಗೆ ಮೈ ಉರಿಯುತ್ತದೆ. ಮೂರು ದಿನ ಕೂತು ಮಾಡಿದ ಸಾಮಾನನ್ನು ಅವರು ಉಪ್ಪುಕಾಗದದಿಂದ ಉಜ್ಜಿ, ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಕೆಟ್ಟರೆ ಲೇತಿನವನ ತಪ್ಪು, ಓಡಿದರೆ ಅವರ ಕೈಗುಣ.

ರಾಮಗಿರಿಯ ಹೆಂಗಸು ನನ್ನ ಅಂಗಡಿಗೆ ಬಂದದ್ದು ಅಂಥ ಒಬ್ಬ ಮೆಕ್ಯಾನಿಕ್ಕನ ಜೊತೆಯಲ್ಲೇ. ಎರಡು ವರ್ಷದ ಹಿಂದಿನ ಮಾತು. ನಲವತ್ತೈದರ ಆಸುಪಾಸಿನವರು. ಸೀರೆಯ ಸೆರಗಿನಲ್ಲಿ, ಕಿವಿಯ ಮೇಲಿನ ಕೂದಲಲ್ಲಿ ಹಿಟ್ಟಿನ ಬಿಳುಪು ಹಾಗೇ ಇತ್ತು. ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವರದೇ ಯಜಮಾನಿಕೆ. ಗಿರಣಿಯಲ್ಲಿ ಕರೆಂಟಿನ ಮೋಟಾರೂ ಇತ್ತು, ಅದಕ್ಕಿಂತ ಹಳೆಯದಾದ ಡೀಸೆಲ್ ಎಂಜಿನ್ನೂ ಇತ್ತು. ಕರೆಂಟು ಹೋದಾಗಲೂ ಬೀಸಿಕೊಡುತ್ತಾರೆಂದೇ ಸುತ್ತಲ ಹಳ್ಳಿಯವರು ರಾಗಿ ಹೊತ್ತುಕೊಂಡು ಅವರಲ್ಲಿಗೆ ಬರುತ್ತಿದ್ದರು. ಆ ಎಂಜಿನ್ನು ಈಗ ನಿಂತಿತ್ತು.

ಸೆರಗಿನ ಗಂಟು ಬಿಚ್ಚಿ ಒಂದು ಬುಷ್ ತೆಗೆದು ಬೆಂಚಿನ ಮೇಲಿಟ್ಟರು. ಬುಷ್ ಎಂದರೆ ಬೆಟ್ಟದಂಥದ್ದೇನಲ್ಲ. ಎಂಜಿನ್ನಿನ ಒಳಗೆ ತಿರುಗುವ ಶಾಫ್ಟಿಗೆ ಹಾಸುವ, ಮೆತ್ತಗಿನ ಲೋಹದ ಒಂದು ಗಿಡ್ಡ ಕೊಳವೆ. ಒಂದು ತುದಿಯಲ್ಲಿ ಅಗಲವಾದ ಅಂಚು, ಅದು ಕಾಲರ್. ಮೈಯಲ್ಲೊಂದು ತೂತು. ಎಂಜಿನ್ನಿನ ನೆತ್ತಿಯ ಮೇಲಿನ ಬಟ್ಟಲಲ್ಲಿ ಎಣ್ಣೆ ಹೊಯ್ದರೆ ಅದು ಆ ತೂತಿನಿಂದ ಹನಿಹನಿಯಾಗಿ ಶಾಫ್ಟಿಗೆ ಇಳಿಯಬೇಕು. ಅವರು ತಂದ ಬುಷ್ಷಿನ ಒಳಮೈ ಸುಟ್ಟು ಕಪ್ಪಾಗಿತ್ತು.

“ಇದು ಮೂರನೇದು ಅಣ್ಣಾರೆ,” ಎಂದರು. “ಮೊದ್ಲು ಹೊಸದುರ್ಗದಾಗೆ ಮಾಡಿಸಿದ್ವಿ. ಆಮೇಲೆ ಹೊಳಲ್ಕೆರೆ. ಇದು ಹಿರಿಯೂರಿನ್ದು. ಒಂದೂ ಎರಡು ದಿನ ಬಾಳಲಿಲ್ಲ.”

ನಾನು ಬುಷ್ಷನ್ನು ಬೆಳಕಿಗೆ ಹಿಡಿದು ಮೂಗು ಮುರಿದೆ. ಲೋಹವಂತೂ ಪಕ್ಕಾ ನಲ್ಲಿಯ ಸಂತಾನ. ಕೊಯ್ದ ಗೆರೆಗಳು ಒರಟೊರಟು. “ಇದನ್ನ ಮಾಡಿದೋನು ಲೇತ್ ಮೇಲೆ ಮುದ್ದೆ ತಿರುವ್ತಿದ್ದ ಅಂತ ಕಾಣ್ತೈತೆ,” ಎಂದೆ. ಮೆಕ್ಯಾನಿಕ್ ಹಲ್ಲು ಕಿರಿದ. ದಿನವೂ ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಹರಟುವ ಮೂರ್ನಾಲ್ಕು ಜನರೂ ನಕ್ಕರು.

ಆಕೆ ನಗಲಿಲ್ಲ. “ಬೇಗ ಆಗ್ಬೇಕು ಅಣ್ಣಾರೆ. ಬರೋ ಅಮಾಸೆಗೆ ಎಂಜಿನ್ನು ಓಡ್ಲೇಬೇಕು,” ಎಂದರು. ಯಾಕೆಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ಗಂಡನ ತಮ್ಮನಿಗೆ ಗಿರಣಿಯ ಶೆಡ್ಡಿನ ಮೇಲೆ ಕಣ್ಣು. ಎಂಜಿನ್ನನ್ನು ಗುಜರಿಗೆ ಹಾಕಿ ಶೆಡ್ಡು ತನಗೆ ಬಿಡಬೇಕೆಂದು ಹಟ ಹಿಡಿದಿದ್ದಾನೆ. ಮನೆಯ ಹಿರಿಯರಾದ ಗಂಡನ ದೊಡ್ಡಪ್ಪ ನಡುವೆ ಬಂದು ಒಂದು ಮಾತು ಆಡಿದ್ದಾರೆ. ಅಮಾವಾಸ್ಯೆಯ ದಿನ ತಾವೇ ಬಂದು ನೋಡುತ್ತಾರೆ. ಎಂಜಿನ್ನು ಸರಿಯಾಗಿ ಓಡುತ್ತಿದ್ದರೆ ಗಿರಣಿ ಇವರದು. ಇಲ್ಲದಿದ್ದರೆ ಮೈದುನನದು.

“ಅವನದಾದ್ರೆ ನಾನು ಅವರ ಮನೆ ಒಲೆ ಮುಂದೆ ಕುಂತ್ಕಬೇಕು ಅಷ್ಟೆ,” ಎಂದರು. “ಉಣ್ಣಾಕೇನೂ ಕಮ್ಮಿ ಮಾಡಲ್ಲ ಅಂತಾನೆ. ಕೈ ಚಾಚಿ ಉಣ್ಣೋದು ನನ್ನ ಕೈಲಾಗಲ್ಲ.”

ಅಮಾವಾಸ್ಯೆಗೆ ಹನ್ನೆರಡು ದಿನವಿತ್ತು. ನಾನು ಲೆಕ್ಕಾಚಾರ ಮಾಡುತ್ತಿದ್ದಾಗ ಅವರು ಇನ್ನೊಂದು ಮಾತು ಸೇರಿಸಿದರು. ಆ ಮಾತನ್ನು ನಾನು ಆವತ್ತೇ ಕೇಳಿಸಿಕೊಂಡಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

“ಅಣ್ಣಾರೆ, ವಾರಕ್ಕೊಂದ್ ಸಲ ಎಣ್ಣೆ ತೂತಿನಾಗೆ ಸೈಕಲ್ ಕಡ್ಡಿ ಹಾಕಿ ಕ್ಲೀನ್ ಮಾಡೋದು ನಾನೇ. ಹಳೇ ಬುಷ್ ಇದ್ದಾಗ ಕಡ್ಡಿ ಸೀದಾ ಶಾಫ್ಟಿಗೆ ಹೋಗಿ ತಾಗ್ತಿತ್ತು. ಹೊಸದು ಹಾಕಿಸಿದಾಗಿಂದ ನಡುವೇನೇ ಅಡ್ಡ ಬಡಿತೈತೆ. ಒಂದ್ ಸಲ ನೋಡ್ತೀರಾ?”

ಮೆಕ್ಯಾನಿಕ್ ಕೈಯಾಡಿಸಿ, “ಅದೇನಿಲ್ಲ ಬಿಡ್ರಿ, ಎಣ್ಣೆ ಖರ್ಚೇ ಆಗ್ತಿಲ್ಲ, ಎಂಜಿನ್ನು ಒಳಗೆ ಅಷ್ಟು ಟೈಟಾಗೈತೆ,” ಎಂದ. ಬಟ್ಟಲಲ್ಲಿ ಹೊಯ್ದ ಎಣ್ಣೆ ಹಾಗೇ ಉಳಿದದ್ದನ್ನು ಆ ಪುಣ್ಯಾತ್ಮ ಉಳಿತಾಯ ಎಂದು ತಿಳಿದಿದ್ದ! ಅವನನ್ನು ಹೀಯಾಳಿಸುವ ಹಕ್ಕು ನನಗೆಲ್ಲಿದೆ? ಆ ಗಳಿಗೆಯಲ್ಲಿ ನಾನು ಅವನಿಗಿಂತ ದೊಡ್ಡ ಕತ್ತೆಯಾಗಿದ್ದೆ. ಚಹಾ ಕುಡಿಯುವವರ ಕಡೆ ಒಮ್ಮೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಅಮ್ಮಾ, ನೀವು ಹಿಟ್ಟು ಬೀಸ್ರಿ. ಕಬ್ಬಿಣ ನಾನ್ ನೋಡ್ಕಂತೀನಿ.”

ಮತ್ತೆ ಎಲ್ಲರೂ ನಕ್ಕರು. ಮೆಕ್ಯಾನಿಕ್ ಎಲ್ಲರಿಗಿಂತ ಜೋರಾಗಿ ನಕ್ಕ. ಆಕೆ ಸೆರಗು ಕೊಡವಿಕೊಂಡು, ಬುಷ್ಷನ್ನು ಸ್ಯಾಂಪಲ್ಲಿಗೆಂದು ಬಿಟ್ಟು ಹೋದರು.

ಮೂರು ದಿನ ನಾನು ಬೇರೆ ಕೆಲಸ ಮುಟ್ಟಲಿಲ್ಲ. ಕರುಣೆಯಿಂದಲ್ಲ, ಜಂಭದಿಂದ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಮೂರೂ ಊರಿನವರ ಕೈಲಾಗದ್ದನ್ನು ಚಿತ್ರದುರ್ಗದವನು ಮಾಡಿ ತೋರಿಸಬೇಕಿತ್ತು. ನಿಜವಾದ ಗನ್‌ಮೆಟಲ್ ಹುಡುಕಿ ತಂದೆ. ಉಳಿಯನ್ನು ಎರಡು ಸಲ ಮಸೆದೆ. ಒಳಮೈಯನ್ನು ಕೊಯ್ದು, ಆರಿಸಿ, ಅಳೆದು, ಮತ್ತೆ ಕೊಯ್ದೆ. ಬುಷ್ಷನ್ನು ಎಂಜಿನ್ನಿಗೆ ಒತ್ತಿ ಕೂರಿಸಿದಾಗ ಅದು ಕೂದಲೆಳೆಯಷ್ಟು ಕುಗ್ಗುತ್ತದೆ. ಹಿಂದಿನ ಮೂವರಿಗೆ ಅದೂ ಹೊಳೆದಿರಲಿಕ್ಕಿಲ್ಲವೆಂದು ಅವರನ್ನು ಮನಸಾರೆ ಬೈದುಕೊಳ್ಳುತ್ತಾ ಆ ಕುಗ್ಗಿಗೂ ಜಾಗ ಬಿಟ್ಟೆ. ಕೊನೆಗೆ ತೂತು. ಸ್ಯಾಂಪಲ್ಲನ್ನು ಪಕ್ಕದಲ್ಲಿಟ್ಟು, ಕಾಲರಿನಿಂದ ಅದರ ದೂರ ಅಳೆದು, ಗುರುತು ಹಾಕಿ ಕೊರೆದೆ. ಮುಗಿಸಿ ಬಟ್ಟೆಯಲ್ಲಿ ಒರೆಸಿದಾಗ ಒಳಗೆ ನನ್ನ ಮುಖ ಕಾಣಿಸುತ್ತಿತ್ತು. ಆ ಮುಖವನ್ನು ಬಹಳ ಮೆಚ್ಚಿಕೊಂಡೆ.

ಮೆಕ್ಯಾನಿಕ್ ಬಂದು ಒಯ್ದ. ಐದು ದಿನ ಸುದ್ದಿಯಿಲ್ಲ. ಸುದ್ದಿಯಿಲ್ಲವೆಂದರೆ ಓಡುತ್ತಿದೆ ಎಂದೇ ನಮ್ಮ ಕಸುಬಿನಲ್ಲಿ ಅರ್ಥ. ಚಹಾದ ಗುಂಪಿನ ಮುಂದೆ ಮೂರೂ ಊರಿನ ಲೇತಿನವರನ್ನು ಉಪ್ಪು ಖಾರ ಹಚ್ಚಿ ಹುರಿದು ಮುಕ್ಕಿದೆ.

ಅಮಾವಾಸ್ಯೆಗೆ ನಾಲ್ಕೇ ದಿನವಿದ್ದಾಗ ಆಕೆ ಒಬ್ಬರೇ ಬಂದರು. ಚೀಲದಲ್ಲಿ ಶಾಫ್ಟು, ಕೈಯಲ್ಲಿ ನನ್ನ ಬುಷ್. ಎರಡನ್ನೂ ಬೆಂಚಿನ ಮೇಲಿಟ್ಟು, ಅವುಗಳ ಪಕ್ಕದಲ್ಲಿ ಒಂದು ಸೈಕಲ್ ಕಡ್ಡಿ ಇಟ್ಟರು. ಬುಷ್ಷಿನ ಒಳಮೈ ಸುಟ್ಟಿತ್ತು. ಶಾಫ್ಟಿನ ಮೇಲೆ ಬೆಕ್ಕು ಪರಚಿದ ಹಾಗೆ ಗೆರೆಗಳು.

“ಸುತ್ತಿಗೆ ಹಾಕಿ ಬಡಿದ್ನಾ ಆ ನಿಮ್ಮ ಮೆಕ್ಯಾನಿಕ್ಕು?” ಎಂದು ಜಬರಿಸಿದೆ. ಬೇರೇನೂ ತೋಚಲಿಲ್ಲ.

“ಇಲ್ಲ. ನಾನೇ ನಿಂತು ಮೆತ್ತಗೆ ಕೂರಿಸಿದೆ. ನಿಮ್ ಕೆಲ್ಸ ಚೆನ್ನಾಗೈತೆ ಅಣ್ಣಾರೆ, ಅದ್ರಾಗೆ ಎರಡು ಮಾತಿಲ್ಲ,” ಎಂದರು. “ಆದ್ರೆ ಬಟ್ಲಿಗೆ ಹೊಯ್ದ ಎಣ್ಣೆ ಹೊಯ್ದಂಗೇ ಐತೆ. ಒಂದ್ ಹನಿ ಇಳಿದಿಲ್ಲ. ತೂತು ನೋಡ್ರಿ.”

ನಾನು ಬುಷ್ಷಿನೊಳಗೆ ಬೆರಳು ಹಾಕಿದೆ. ಒಣ. ಎಣ್ಣೆಯ ಪಸೆಯೂ ಇಲ್ಲ. “ಮೊಟ್ಟಮೊದಲ್ನೇದು, ಕಂಪನೀದು, ಏನಾಯ್ತು?” ಎಂದು ಕೇಳಿದೆ. ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಿತ್ತು. ಅದು ಮೂರು ಚೂರಾಗಿ ಒಡೆದಿತ್ತಂತೆ. ಕಾಲರ್ ಇದ್ದ ಚೂರು ಕಳೆದುಹೋಗಿ, ಉಳಿದೆರಡನ್ನು ಹೊಸದುರ್ಗಕ್ಕೆ ಕೊಟ್ಟರಂತೆ. ಅಲ್ಲಿಗೆ ಎಲ್ಲ ತಿಳಿಯಿತು. ಹೊಸದುರ್ಗದವನು ಕಾಲರ್ ಯಾವ ತುದಿಗೆಂದು ಗೊತ್ತಾಗದೆ ತಪ್ಪು ತುದಿಗೆ ಮಾಡಿದ್ದ. ಕಾಲರಿನ ಹತ್ತಿರ ಇರಬೇಕಾದ ತೂತು ಆಚೆ ತುದಿಗೆ ಹೋಗಿ, ಎಣ್ಣೆ ಬಟ್ಟಲಿನ ತೂತಿನ ನೇರಕ್ಕೆ ಬರುತ್ತಲೇ ಇರಲಿಲ್ಲ. ಹೊಳಲ್ಕೆರೆಯವನಿಗೆ ಅದೇ ಸ್ಯಾಂಪಲ್. ಹಿರಿಯೂರಿನವನಿಗೆ ಹೊಳಲ್ಕೆರೆಯದು ಸ್ಯಾಂಪಲ್. ನನಗೆ ಹಿರಿಯೂರಿನದು. ಮೂವರು ದಡ್ಡರ ತಪ್ಪನ್ನು ನಾನು ಒಳ್ಳೆಯ ಗನ್‌ಮೆಟಲ್ಲಿನಲ್ಲಿ, ನೂರನೇ ಒಂದು ಪಾಲೂ ಆಚೀಚೆಯಾಗದಂತೆ ನಕಲು ಮಾಡಿದ್ದೆ. ಕೆಟ್ಟುಹೋದ ಸಾಮಾನನ್ನೇ ಸ್ಯಾಂಪಲ್ಲೆಂದು ಪೂಜೆ ಮಾಡುವ ಪದ್ಧತಿ ನಮ್ಮದು. ಅದನ್ನು ತಗಡಿನ ಮೇಲೆ ಬರೆದು ಗೋಡೆಗೆ ಹೊಡೆದ ಭೂಪ ನಾನು.

ನಾಚಿಕೆಯಾಯಿತು. ಆದರೂ ಬಾಯಿ ಬಿಟ್ಟು ಹೇಳಲಿಲ್ಲ. “ಶಾಫ್ಟು ಬಿಟ್ಟು ಹೋಗ್ರಿ. ಅಮಾಸೆ ದಿನ ನಾನೇ ಬರ್ತೀನಿ,” ಎಂದೆ. ಎಂಜಿನ್ನಿದ್ದಲ್ಲಿಗೆ ನಾನು ಹೋಗುವವನಲ್ಲ, ಬೇಕಾದವರು ನನ್ನ ಬಾಗಿಲಿಗೆ ಬರಲಿ ಎಂಬುದು ನನ್ನ ಗತ್ತಾಗಿತ್ತು. ಆ ಗತ್ತಿಗೂ ಆವತ್ತು ಮಣ್ಣು ಬಿತ್ತು.

ಶಾಫ್ಟಿನ ಗೀರುಗಳನ್ನು ತೆಗೆಯಲು ಅದನ್ನು ಚೂರು ಸಣ್ಣ ಮಾಡಬೇಕಾಯಿತು. ಅದಕ್ಕೆ ತಕ್ಕಂತೆ ಹೊಸ ಬುಷ್ ಕೊಯ್ದೆ. ತೂತು ಮಾತ್ರ ಕೊರೆಯಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೊಳಲ್ಕೆರೆಗೆ ಹೋಗಿ, ಅಲ್ಲಿಂದ ರಾಮಗಿರಿ ಸೇರಿದೆ. ಚೀಲದಲ್ಲಿ ಬುಷ್, ಶಾಫ್ಟು, ಬ್ಯಾಟರಿ ಡ್ರಿಲ್ಲು ಇದ್ದವು.

ಗಿರಣಿ ನೋಡಿ ಬೆರಗಾದೆ. ಹಿಟ್ಟಿನ ಧೂಳು ಎಲ್ಲೆಡೆ ಇತ್ತು, ಎಂಜಿನ್ನಿನ ಮೇಲೆ ಮಾತ್ರ ಇರಲಿಲ್ಲ. ಒಂದೊಂದು ನಟ್ಟೂ ಒರೆಸಿದ್ದರು. ಉದ್ದ ಬೋಲ್ಟು, ದಪ್ಪ ವಾಷರ್ ಹಾಕಿ, ಸುತ್ತಿಗೆ ಮುಟ್ಟದೆ ಬುಷ್ಷನ್ನು ಎಳೆದು ಕೂರಿಸಿದೆ. ಎಣ್ಣೆ ಬಟ್ಟಲಿನ ತೂತಿನೊಳಗಿಂದಲೇ ಡ್ರಿಲ್ಲು ಇಳಿಸಿ ಬುಷ್ಷಿಗೆ ತೂತು ಕೊರೆದೆ. ಎಂಜಿನ್ನು ಎಲ್ಲಿ ಕೇಳುತ್ತದೋ ಅಲ್ಲೇ, ಕಾಲರಿನ ಪಕ್ಕದಲ್ಲೇ ಬಂತು. ಒಳಗೆ ಬಿದ್ದ ಲೋಹದ ಪುಡಿಯನ್ನು ಒಂದು ಕಣವೂ ಉಳಿಯದಂತೆ ತೆಗೆದು ಶಾಫ್ಟು ಹಾಕಿದೆ. ಆಕೆ ಸೈಕಲ್ ಕಡ್ಡಿ ತಂದು ನನ್ನ ಕೈಗೆ ಕೊಟ್ಟರು. ಇಳಿಸಿದೆ. ಟಕ್ಕೆಂದು ಶಾಫ್ಟಿಗೆ ತಾಗಿತು. ಆಕೆಯ ಮುಖ ಅರಳಿತು. ನನ್ನ ಮುಖ ಇಂಗು ತಿಂದ ಮಂಗನಂತಾಗಿತ್ತು.

ಅಷ್ಟರಲ್ಲಿ ದೊಡ್ಡಪ್ಪ ಬಂದು ರಾಗಿ ಮೂಟೆಯ ಮೇಲೆ ಕೂತಿದ್ದರು. ಮೈದುನ ಬಿಳಿ ಪಂಚೆಯುಟ್ಟು ಬಾಗಿಲಲ್ಲಿ ನಿಂತಿದ್ದ. ಮೆಕ್ಯಾನಿಕ್ ಅವನ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದ. ಬೀಸಿಸಲು ಬಂದವರೂ ಹತ್ತಾರು ಜನ. ಆಕೆ ಎಂಜಿನ್ನಿಗೆ ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದು, ತಾವೇ ಹ್ಯಾಂಡಲ್ ಹಾಕಿ ತಿರುಗಿಸಿದರು. ಎರಡನೇ ಸುತ್ತಿಗೆ ಎಂಜಿನ್ನು ಹೊಗೆಯುಗುಳಿ ಹತ್ತಿಕೊಂಡಿತು. ಬೆಲ್ಟು ಹಾಕಿ ಒಂದು ಗಂಟೆ ರಾಗಿ ಬೀಸಿದರು. ಬುಷ್ಷಿನ ಜಾಗವನ್ನು ಕೈಯಲ್ಲಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು ಅಷ್ಟೆ. ಬಟ್ಟಲಿನ ಎಣ್ಣೆ ಬೆರಳಗಲ ಇಳಿದಿತ್ತು.

ದೊಡ್ಡಪ್ಪ ತಲೆದೂಗಿದರು. ಮುಗಿಯಿತು, ಬಸ್ಸು ಹಿಡಿಯೋಣ ಅಂದುಕೊಂಡೆ. ಆಗ ಮೈದುನ ಒಳಗೆ ಬಂದು, ಎಂಜಿನ್ನಿನ ಸದ್ದಿನ ಮೇಲೆ ಗಂಟಲೇರಿಸಿದ.

“ಇವತ್ತು ಓಡ್ತು ದೊಡ್ಡಪ್ಪ, ಇಲ್ಲ ಅನ್ನಲ್ಲ. ನಾಳೆ ಕೆಟ್ರೆ? ಅತ್ತಿಗೆಗೆ ಹಿಟ್ಟು ಬಿಟ್ರೆ ಕಬ್ಬಿಣದ್ದೇನ್ ಗೊತ್ತೈತೆ? ನಾನ್ ಹೇಳೋದಲ್ಲ, ದುರ್ಗದಾಗೆ ಇದೇ ಲೇತ್‌ನೋರು ನಾಲ್ಕು ಜನದ ಮುಂದೆ ಅಂದವ್ರೆ. ‘ನೀವು ಹಿಟ್ಟು ಬೀಸ್ರಿ, ಕಬ್ಬಿಣ ನಾನ್ ನೋಡ್ಕಂತೀನಿ’ ಅಂತ. ಅಂದ್ರೋ ಇಲ್ವೋ, ಅವರ್ನೇ ಕೇಳ್ರಿ. ಗಿರಣಿ ನನ್ ಕೈಗೆ ಕೊಡ್ರಿ, ಅತ್ತಿಗೆ ಮನೇಲಿ ನೆಮ್ಮದಿಯಾಗಿರ್ಲಿ.”

ಮೆಕ್ಯಾನಿಕ್ ಆ ಮಾತನ್ನು ಊರ ತುಂಬ ಹಂಚಿದ್ದ. ನಾನು ನಗಿಸಲೆಂದು ಆಡಿದ ಮಾತು ಒಬ್ಬ ಹೆಂಗಸಿನ ಕೈಯಿಂದ ಗಿರಣಿ ಕಿತ್ತುಕೊಳ್ಳಲು ಸಾಕ್ಷಿಯಾಗಿ ಬಂದು ನಿಂತಿತ್ತು. ದೊಡ್ಡಪ್ಪ ನನ್ನ ಕಡೆ ತಿರುಗಿ, “ಅಂದಿದ್ದು ನಿಜವೇನಪ್ಪ?” ಎಂದರು.

ನಾನು ಎಂಜಿನ್ನಿನ ಪಕ್ಕದಲ್ಲೇ ನಿಂತಿದ್ದೆ. ಅದು ಧಡ್ ಧಡ್ ಎಂದು ಬಡಿದುಕೊಳ್ಳುತ್ತಿತ್ತು. ಆ ಸದ್ದಿನಲ್ಲಿ ತಲೆ ತಗ್ಗಿಸಿ, ಗಂಟಲಲ್ಲೇ ಗೊಣಗಿದೆ: “ಅಂದೆ. ಆದ್ರೆ ತಪ್ಪು ನಂದು. ಈಯಮ್ಮ ಹೇಳಿದ್ದೇ ಸರಿ ಇತ್ತು.” ಯಾರಿಗೂ ಕೇಳಿಸಲಿಲ್ಲ. ಕೇಳಿಸದಿರಲಿ ಎಂದೇ ಹಾಗೆ ಹೇಳಿದೆ, ಈಗ ಯಾಕೆ ಮುಚ್ಚಿಡಲಿ. ದೊಡ್ಡಪ್ಪ ಕಿವಿಗೆ ಕೈಯಿಟ್ಟುಕೊಂಡು “ಆಂ?” ಎಂದರು. ಮೈದುನ ನಗುತ್ತಿದ್ದ.

ಆಕೆ ಬಂದು, ನನ್ನ ಮುಖ ನೋಡದೆ, ಡೀಸೆಲ್ ನಿಲ್ಲಿಸುವ ಪಟ್ಟಿ ಎಳೆದರು. ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು. ಬೆಲ್ಟು ನಿಂತಿತು, ಕಲ್ಲು ನಿಂತಿತು. ಗಿರಣಿಯಲ್ಲಿ ಎಲ್ಲರೂ ಉಸಿರಾಡುವುದು ಕೇಳುತ್ತಿತ್ತು.

“ಈಗ ಹೇಳ್ರಿ ಅಣ್ಣಾರೆ,” ಎಂದರು.

ಹೇಳಿದೆ. ಹೊಸದುರ್ಗದಿಂದ ಶುರು ಮಾಡಿ ಹೇಳಿದೆ. ನಾಲ್ಕು ಲೇತಿನವರು, ನಾಲ್ಕು ಬುಷ್, ನಾಲ್ಕೂ ತಪ್ಪು. ನಾಲ್ವರಲ್ಲಿ ಹೆಚ್ಚು ದಡ್ಡ ನಾನು, ಯಾಕೆಂದರೆ ನನಗೆ ಮಾತ್ರ ಸರಿಯಾದ ಉತ್ತರವನ್ನು ಮೊದಲೇ ಹೇಳಿದ್ದರು, ನಾನು ಅದಕ್ಕೆ ನಕ್ಕಿದ್ದೆ. “ಈ ಎಂಜಿನ್ನಿನ ಕಾಯಿಲೆ ಹಿಡಿದೋರು ಈಯಮ್ಮ ಒಬ್ರೇ. ಸೈಕಲ್ ಕಡ್ಡಿ ಇಟ್ಕಂಡು ಹಿಡಿದ್ರು. ನಂಗೆ ಗೊತ್ತಾಗ್ಲಿಲ್ಲ,” ಎಂದೆ. ಇಷ್ಟು ಕಷ್ಟದ ಕೆಲಸ ನಾನು ಯಾವ ಲೇತಿನ ಮೇಲೂ ಮಾಡಿಲ್ಲ. ದೊಡ್ಡಪ್ಪ ಮೆಕ್ಯಾನಿಕ್ಕನ ಕಡೆ ತಿರುಗಿ, “ಮತ್ತೆ ನೀನೇನ್ ನೋಡ್ತಿದ್ಯಲೇ ಅಷ್ಟು ದಿನ?” ಎಂದರು. ಮೈದುನ ಪಂಚೆ ಎತ್ತಿ ಕಟ್ಟಿಕೊಂಡು ಹೊರಗೆ ನಡೆದ. ದೊಡ್ಡಪ್ಪ ಮೂಟೆಯಿಂದ ಎದ್ದು, “ಬೀಸಮ್ಮ, ಜನ ಕಾಯ್ತವ್ರೆ,” ಎಂದಷ್ಟೇ ಹೇಳಿದರು.

ನಾನು ಚೀಲ ಹೆಗಲಿಗೇರಿಸಿದೆ. ಆಕೆ ಎಂಜಿನ್ನಿನ ಹ್ಯಾಂಡಲ್ಲನ್ನು ನನ್ನ ಕಡೆ ಚಾಚಿದರು.

“ನಿಮ್ ಬಾಯಿಂದ ಮಾತು ಹೊರಡಿಸಾಕೆ ನಿಲ್ಲಿಸಿದ್ದು. ನೀವೇ ತಿರುವಿ ಹತ್ತಿಸ್ರಿ,” ಎಂದರು.

ಚೀಲ ಕೆಳಗಿಟ್ಟು, ಅಷ್ಟು ಜನರ ಮುಂದೆ, ಬಗ್ಗಿ ತಿರುಗಿಸಿದೆ. ಆಕೆಗೆ ಎರಡನೇ ಸುತ್ತಿಗೆ ಹತ್ತಿದ ಎಂಜಿನ್ನು ನನಗೆ ಏಳನೇ ಸುತ್ತಿಗೆ ಹತ್ತಿತು.